ಅರಳಿ ಕಟ್ಟೆಯಲ್ಲಿ ಕೂತು ಮಾತಾಡೋಣ: ವಿಕಿಪೀಡಿಯದ ಕನ್ನಡ ಸಂಪಾದಕರಿಗೆ, ನಿರ್ವಾಹಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಿರ್ವಾಹಕರೇ, ಸಂಪಾದಕ ಮಿತ್ರರೇ,

ನಮಸ್ಕಾರ. ನಾನು ವಿಕಿಪೀಡಿಯದಲ್ಲಿ ಕನ್ನಡದಲ್ಲಿ ಬರೆಯಲು ಶುರು ಮಾಡಿ ಹನ್ನೊಂದು ವರ್ಷವಾಯಿತು. ನಿಮ್ಮಲ್ಲಿ ಕೆಲವರನ್ನು, ಎಲ್ಲರೂ ಒಂದೆಡೆ ಸೇರಿ ಲೇಖನ ಬರೆಯುವ ಸಂಪಾದನೋತ್ಸವಗಳಲ್ಲಿ ನೋಡಿದ್ದೇನೆ, ಜೊತೆಗೆ ಕೂತು ಊಟ ಮಾಡಿದ್ದೇನೆ. ಉಳಿದವರನ್ನು ಸದಸ್ಯನಾಮದಿಂದ ಮಾತ್ರ ಬಲ್ಲೆ. ಈ ಪತ್ರದಲ್ಲಿ ದೂರೂ ಇದೆ, ಕೋರಿಕೆಯೂ ಇದೆ. ದೂರಿನ ದೊಡ್ಡ ಪಾಲು ನನ್ನ ಮೇಲೆಯೇ ಬರುತ್ತದೆ. ಅದನ್ನೇ ಮೊದಲು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಸಣ್ಣ ಊರಿನ ಲೇಖನದ ಮೇಲೆ ಜಗಳವಾಯಿತು. ಹಳೇ ಮೈಸೂರು ಕಡೆಯ ಊರು. ಹೆಸರು ಬೇಡ. ಹೇಳಿದರೆ ನೀವು, ಲೇಖನದಲ್ಲಿ ಯಾರು ಏನು ಬದಲಾಯಿಸಿದರು ಅಂತ ತೋರಿಸುವ ಇತಿಹಾಸ ಪುಟ ತೆರೆದು, ನನ್ನ ಎದುರಿಗಿದ್ದವರು ಯಾರು ಅಂತ ಹುಡುಕುತ್ತೀರಿ. ಆ ಲೇಖನ ಶುರು ಮಾಡಿದ್ದು ನಾನೇ. ಊರಿಗೆ ಹೆಸರು ಹೇಗೆ ಬಂತು ಅನ್ನುವುದಕ್ಕೆ ಅದರಲ್ಲಿ ಒಂದು ಪ್ಯಾರಾ ಇತ್ತು. ಪಾಳೇಗಾರನೊಬ್ಬ ಬೇಟೆಗೆ ಬಂದನಂತೆ, ಮೊಲವೇ ನಾಯಿಯನ್ನು ಅಟ್ಟಿಸಿಕೊಂಡು ಹೋಯಿತಂತೆ, ಇದು ಗಂಡುಮೆಟ್ಟಿನ ನೆಲ ಅಂತ ಅಲ್ಲೇ ಊರು ಕಟ್ಟಿದನಂತೆ. ಈ ಕಥೆಯನ್ನು ನಮ್ಮಲ್ಲಿ ಎಷ್ಟೋ ಊರುಗಳ ಬಗ್ಗೆ ಹೇಳುತ್ತಾರೆ, ನನಗೂ ಗೊತ್ತಿತ್ತು. ಆದರೂ ಹಾಕಿದ್ದೆ. ಪತ್ರಿಕೆಯೊಂದರ ಪುರವಣಿಯಲ್ಲಿ ಬಂದಿತ್ತು, ಅಡಿಟಿಪ್ಪಣಿಗೆ ಕೊಂಡಿ ಸಿಕ್ಕಿತ್ತು, ಅಷ್ಟೇ.

ಒಂದು ರಾತ್ರಿ ಹೊಸ ಸದಸ್ಯರೊಬ್ಬರು ಆ ಪ್ಯಾರಾ ತೆಗೆದು ಬೇರೆ ನಾಲ್ಕು ಸಾಲು ಹಾಕಿದರು. ಊರಿನ ಹಳೆಯ ಹೆಸರೇ ಬೇರೆ, ಅದು ಶಾಸನದಲ್ಲಿದೆ, ಈಗಿನ ಹೆಸರು ಅಲ್ಲಿಯ ಕೆರೆಯಿಂದ ಬಂದದ್ದು ಅಂತ ಬರೆದಿದ್ದರು. ಅಡಿಟಿಪ್ಪಣಿ ಇರಲಿಲ್ಲ. ನಾನು ರದ್ದು ಮಾಡಿದೆ. ಅವರು ಮತ್ತೆ ಹಾಕಿದರು. ನಾನು ಮತ್ತೆ ರದ್ದು ಮಾಡಿದೆ. ಇತಿಹಾಸ ಪುಟದಲ್ಲಿ ಪ್ರತಿ ಬದಲಾವಣೆಯ ಪಕ್ಕ ಎಷ್ಟು ಬೈಟ್ ಸೇರಿತು, ಎಷ್ಟು ಹೋಯಿತು ಅಂತ ಹಸಿರು, ಕೆಂಪು ಅಂಕಿ ಬರುತ್ತದೆ ಅಲ್ವಾ? ಆ ರಾತ್ರಿಯ ಅಂಕಿಗಳು ಈಗಲೂ ಅಲ್ಲಿವೆ. +846, −846, +846, −846. ಎಣಿಸಿದರೆ ಹದಿನಾಲ್ಕು ಸಾಲು. ನನ್ನ ಪ್ರತಿ ಸಾಲಿನ ಮುಂದೆಯೂ 'ಆಧಾರ ಕೊಡಿ' ಅಂತ ಇದೆ. ಅವರ ಸಾಲುಗಳ ಮುಂದೆ ಏನೂ ಇಲ್ಲ. ಸಂಪಾದನೆಯ ಸಾರಾಂಶ ಬರೆಯಲು ಒಂದು ಪೆಟ್ಟಿಗೆ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ ಅಂತ ಈಗ ಅನಿಸುತ್ತದೆ. ಅಂದರೆ ನಾನು ಕೇಳಿದ್ದು ಅವರ ಕಣ್ಣಿಗೆ ಬಿದ್ದೇ ಇಲ್ಲ. ಲೇಖನದ ಚರ್ಚೆಪುಟ ಆ ಇಡೀ ರಾತ್ರಿ ಖಾಲಿ ಇತ್ತು. ಹಳಬ ನಾನು. ಅಲ್ಲಿ ಮೊದಲ ಸಾಲು ನಾನು ಬರೆಯಬೇಕಿತ್ತು.

ಬರೆಯುವ ಬದಲು, ಪುಟಕ್ಕೆ ಬೀಗ ಹಾಕುವ ಅಧಿಕಾರ ಇರುವ ಪರಿಚಯದ ನಿರ್ವಾಹಕರೊಬ್ಬರಿಗೆ ಮೆಸೇಜ್ ಹಾಕಿದೆ. ಹತ್ತು ನಿಮಿಷದಲ್ಲಿ ಪುಟಕ್ಕೆ ಬೀಗ ಬಿತ್ತು. ಹೊಸ ಖಾತೆಯವರು ತಿದ್ದುವಂತಿಲ್ಲ, ನಾನು ತಿದ್ದಬಹುದು. ಪುಟದಲ್ಲಿ ಉಳಿದದ್ದು ನನ್ನ ಮೊಲದ ಕಥೆ. ಆ ನಿರ್ವಾಹಕರು ನನ್ನನ್ನು ನಂಬಿ ಮಾಡಿದರು, ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಆದರೆ ಎದುರಿನವರನ್ನು ಒಂದು ಮಾತು ಕೇಳಲಿಲ್ಲ. ಬೀಗ ಯಾಕೆ ಹಾಕಿದೆ, ಎಷ್ಟು ದಿನ, ಇನ್ನು ಎಲ್ಲಿ ಮಾತಾಡಬೇಕು ಅಂತ ಎಲ್ಲೂ ಬರೆಯಲಿಲ್ಲ. ನಾನೂ ಬರೆಯಿರಿ ಅನ್ನಲಿಲ್ಲ.

ಮರುದಿನ ನನ್ನ ಚರ್ಚೆಪುಟದಲ್ಲಿ, ಸಂಬಂಧವಿಲ್ಲದ ಯಾವುದೋ ಹಳೆಯ ವಿಭಾಗದ ಕೆಳಗೆ, ಓದಲು ಬಾರದ ಅಕ್ಷರಗಳ ರಾಶಿ ಬಿದ್ದಿತ್ತು. ಗೀಟು, ಚುಕ್ಕೆ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು. ಸಹಿ ಇರಲಿಲ್ಲ. 'ನುಡಿ' ಅನ್ನುವ ಹಳೆಯ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು, ಈಗ ಜಾಲದಲ್ಲಿ ಎಲ್ಲೆಡೆ ಬಳಸುವ ಯುನಿಕೋಡಿಗೆ ಬದಲಾಯಿಸದೆ ಹಾಗೇ ತಂದು ಅಂಟಿಸಿದರೆ ಹೀಗೇ ಕಾಣುತ್ತದೆ. ಸರ್ಕಾರಿ ಕಚೇರಿಯ ಹಳೆಯ ಕಡತ ತೆರೆದು ನೋಡಿದ ಯಾರಿಗಾದರೂ ಇದು ಗೊತ್ತು. ನನಗೆ ನೋಡಿದ ತಕ್ಷಣ ಹೊಳೆಯಬೇಕಿತ್ತು. ಸಿಟ್ಟಿನಲ್ಲಿದ್ದೆ, ಓದುವ ಮನಸ್ಸೇ ಇರಲಿಲ್ಲ. ಕಿಡಿಗೇಡಿತನ ಅಂತ ಬರೆದು ಅಳಿಸಿಬಿಟ್ಟೆ.

ಏಳು ತಿಂಗಳಾದ ಮೇಲೆ ಬೇರೇನೋ ಹುಡುಕುತ್ತಾ ನನ್ನ ಚರ್ಚೆಪುಟದ ಇತಿಹಾಸಕ್ಕೆ ಹೋದೆ. ಆ ರಾಶಿ ಕಂಡಿತು. ಯಾಕೋ ಮನಸ್ಸು ತಡೆಯದೆ, ನುಡಿಯದನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಕ್ಕೆ ಹಾಕಿದೆ. ಅಚ್ಚ ಕನ್ನಡದಲ್ಲಿ ಆರು ಸಾಲು ಬಂತು. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ, ಪುಟ. ಅದರ ಕೆಳಗೆ, ಪುಸ್ತಕ ತಮ್ಮ ಹತ್ತಿರ ಇದೆ, ಪುಟದ ಫೋಟೋ ಎಲ್ಲಿ ಹಾಕಬೇಕು ಅಂತ ತಿಳಿಯುತ್ತಿಲ್ಲ, ದಯವಿಟ್ಟು ಹೇಳಿಕೊಡಿ ಅಂತ ಕೇಳಿದ್ದರು. ನಾನು ಏಳು ಸಲ ಕೇಳಿದ್ದ ಆಧಾರ ಅದು. ಕೈಗೆ ಬಂದಿತ್ತು, ಕಸ ಅಂತ ಎಸೆದಿದ್ದೆ.

ನಿಮ್ಮಲ್ಲಿ ಬಹುತೇಕರಿಗೆ ಎಪಿಗ್ರಾಫಿಯಾ ಕರ್ನಾಟಿಕ ಗೊತ್ತು. ಬಿ.ಎಲ್. ರೈಸ್ ಅವರು 19ನೇ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಯ ಊರೂರುಗಳ ಶಾಸನಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿ ಅಚ್ಚು ಹಾಕಿಸಿದ ಮಾಲೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಪರಿಷ್ಕರಿಸಿ ತಂದಿತು. ಊರಿನ ಹೆಸರಿನ ವಿಷಯಕ್ಕೆ ಅದಕ್ಕಿಂತ ಗಟ್ಟಿ ಆಧಾರ ಸಿಗುವುದು ಕಷ್ಟ. ಗ್ರಂಥಾಲಯಕ್ಕೆ ಹೋಗಿ ಸಂಪುಟ ತೆಗೆಸಿ ನೋಡಿದೆ. ಕೆರೆಗೆ ಬಿಟ್ಟ ಗದ್ದೆಯ ಲೆಕ್ಕ ಹೇಳುವ ಶಾಸನ. ಊರಿನ ಹಳೆಯ ಹೆಸರು ಅವರು ಬರೆದಂತೆಯೇ ಇತ್ತು, ಒಂದು ಅಕ್ಷರ ಆಚೀಚೆ ಇಲ್ಲ. ಈಗಿನ ಹೆಸರು ಕೆರೆಯಿಂದಲೇ ಬಂತು ಅನ್ನುವ ಅವರ ಮಾತಿಗೆ ಮಾತ್ರ ಅಲ್ಲಿ ಆಧಾರ ಇರಲಿಲ್ಲ, ಅದು ಅವರ ಊಹೆ. ಅಂದರೆ ನಾಲ್ಕು ಸಾಲಲ್ಲಿ ಮೂರು ಉಳಿಯಬೇಕಿತ್ತು, ಒಂದನ್ನು ತಿದ್ದಬೇಕಿತ್ತು. ಇಬ್ಬರೂ ಕೂತು ಮಾತಾಡಿದ್ದರೆ ಅರ್ಧ ಗಂಟೆಯ ಕೆಲಸ.

ಅವರ ಕೊಡುಗೆಗಳ ಪಟ್ಟಿಯಲ್ಲಿ ಕೊನೆಯ ಸಾಲು ನನ್ನ ಚರ್ಚೆಪುಟಕ್ಕೆ ಹಾಕಿದ ಆ ಆರು ಸಾಲು. ಆಮೇಲೆ ಅವರು ಬಂದಿಲ್ಲ.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. ಆ ಜಗಳದಲ್ಲಿ ಗೆದ್ದದ್ದು ನಾನು. ನನ್ನ ಬಳಿ ಒಳ್ಳೆಯ ಆಧಾರ ಇದ್ದದ್ದಕ್ಕೆ ಗೆಲ್ಲಲಿಲ್ಲ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಅಂತ ಗೊತ್ತಿದ್ದದ್ದಕ್ಕೆ, ಒಬ್ಬ ನಿರ್ವಾಹಕರ ಪರಿಚಯ ಇದ್ದದ್ದಕ್ಕೆ ಗೆದ್ದೆ. ನನ್ನ ದೂರು ಇದೇ. ನಮ್ಮ ಭಿನ್ನಾಭಿಪ್ರಾಯಗಳು ಬಗೆಹರಿಯುವುದಿಲ್ಲ, ಒಬ್ಬರು ಸುಸ್ತಾಗಿ ಎದ್ದು ಹೋಗುತ್ತಾರೆ. ನಾವು ಅದನ್ನೇ ಶಾಂತಿ ಅಂತ ತಿಳಿದುಕೊಳ್ಳುತ್ತೇವೆ.

ಜಗಳವೇ ಆಗಬಾರದು ಅಂತ ನಾನು ಹೇಳುತ್ತಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 14 ಸಂಪುಟಗಳ ಕನ್ನಡ ವಿಶ್ವಕೋಶ ತಂದಾಗ ಅದಕ್ಕೆ ಸಂಪಾದಕ ಮಂಡಳಿ ಇತ್ತು. ವಿದ್ವಾಂಸರಲ್ಲಿ ಮಾತು ಒಂದಾಗದಿದ್ದರೆ ಮಂಡಳಿ ತೀರ್ಮಾನ ಮಾಡಬಹುದಿತ್ತು. ನಮ್ಮಲ್ಲಿ ಹಾಗೆ ಮೇಲೆ ಕೂತವರು ಯಾರೂ ಇಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಅಂದ ಮೇಲೆ ಜಟಾಪಟಿ ಇದ್ದದ್ದೇ. ಎಷ್ಟೋ ಸಲ ಲೇಖನ ಚೆನ್ನಾಗಿ ಆಗುವುದೂ ಅದರಿಂದಲೇ. ನನ್ನ ಊರಿನ ಲೇಖನವೂ ಆ ರಾತ್ರಿಯೇ ಚೆನ್ನಾಗಿ ಆಗಬಹುದಿತ್ತು.

2001ರಲ್ಲಿ ಶುರುವಾದ ಇಂಗ್ಲಿಷ್ ವಿಕಿಪೀಡಿಯ ಇಂಥ ಜಗಳಗಳನ್ನು ಸಾಕಷ್ಟು ನೋಡಿದೆ, ಪೆಟ್ಟು ತಿಂದೇ ದಾರಿ ಮಾಡಿಕೊಂಡಿದೆ. ಮೂರು ರದ್ದತಿಯ ನಿಯಮ ನಿಮಗೆ ಗೊತ್ತಿರುವುದೇ. ಒಬ್ಬರು ಒಂದು ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ಬದಲಾವಣೆ ರದ್ದು ಮಾಡುವ ಹಾಗಿಲ್ಲ. ಮಾಡಿದರೆ ಖಾತೆಗೆ ತಡೆ. ನಾನು ಹೇಳುವುದೇ ಸರಿ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಈ ನಿಯಮದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದೇ. ಯಾರು ಸರಿ ಅಂತ ಅದು ಕೇಳುವುದಿಲ್ಲ, ಸುಮ್ನೆ ನಿಲ್ಲಿಸಿ ಮಾತಾಡಿ ಅನ್ನುತ್ತದೆ. ಆ ರಾತ್ರಿ ಅದನ್ನು ಅನ್ವಯಿಸಿದ್ದರೆ ನನ್ನ ಖಾತೆಗೂ ತಡೆ ಬೀಳಬೇಕಿತ್ತು. ನಾನೊಬ್ಬನೇ ಏಳು ಸಲ ರದ್ದು ಮಾಡಿದ್ದೆ.

ಇಬ್ಬರ ನಡುವಿನ ವ್ಯಾಜ್ಯಕ್ಕೆ ಅಲ್ಲಿ 'ಮೂರನೇ ಅಭಿಪ್ರಾಯ' ಅಂತ ಒಂದು ವ್ಯವಸ್ಥೆ ಇದೆ. ಆ ಲೇಖನಕ್ಕೆ ಸಂಬಂಧವೇ ಇಲ್ಲದ ಒಬ್ಬ ಸಂಪಾದಕರು ಬಂದು ಎರಡೂ ಕಡೆಯ ಮಾತು ಓದಿ ತಮಗೆ ಅನಿಸಿದ್ದನ್ನು ಬರೆಯುತ್ತಾರೆ. ಅದು ತೀರ್ಪಲ್ಲ, ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೆ ಮೂರನೆಯವರು ಕೂತಿದ್ದಾರೆ ಅಂದ ಕೂಡಲೇ ಇಬ್ಬರ ದನಿಯೂ ತಗ್ಗುತ್ತದೆ. ಹಳ್ಳಿಯಲ್ಲಿ ಬದುವಿನ ಜಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದರಿಂದಲೂ ಆಗದಿದ್ದರೆ ಎಲ್ಲರ ಅಭಿಪ್ರಾಯ ಕೇಳುವ ಚರ್ಚೆ, ಸಾಮಾನ್ಯವಾಗಿ 30 ದಿನ. ಕೊನೆಗೆ ಜಗಳದಲ್ಲಿ ಇಲ್ಲದವರೊಬ್ಬರು ಕಾರಣ ಬರೆದು ಅದನ್ನು ಮುಗಿಸುತ್ತಾರೆ. ಕೈ ಎಣಿಸುವುದಿಲ್ಲ, ವಾದವನ್ನು ತೂಗುತ್ತಾರೆ. ಎಲ್ಲಕ್ಕಿಂತ ಮೇಲೆ ಇರುವ ಮಧ್ಯಸ್ಥಿಕೆ ಸಮಿತಿ ಕೂಡ ಸದಸ್ಯರ ನಡವಳಿಕೆಯನ್ನು ಮಾತ್ರ ವಿಚಾರಿಸುತ್ತದೆ. ಲೇಖನದಲ್ಲಿ ಏನಿರಬೇಕು ಅಂತ ತೀರ್ಪು ಕೊಡುವುದಿಲ್ಲ. ಈ ಎರಡನ್ನು ಬೇರೆ ಇಟ್ಟದ್ದು ದೊಡ್ಡ ವಿವೇಕ. ನಾವು ಎರಡನ್ನೂ ಕಲಸುತ್ತೇವೆ. ಆಧಾರದ ಮಾತು ಶುರುವಾಗಿ ನಾಲ್ಕನೇ ಸಾಲಿಗೆ ನೀವು ಯಾವ ಪಂಥದವರು ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ.

ಊರಿನ ಹೆಸರಿನ ಮಾತು ಬಂತಲ್ಲ, ಅದಕ್ಕೆ ಒಂದು ಉದಾಹರಣೆ ಹೇಳಬೇಕು. ಪೋಲೆಂಡಿನಲ್ಲಿ ಸಮುದ್ರದ ದಡದಲ್ಲಿ ಒಂದು ನಗರವಿದೆ. ಪೋಲಿಷ್ ಭಾಷೆಯಲ್ಲಿ ಗ್ದಾನ್‌ಸ್ಕ್, ಜರ್ಮನ್ನಿನಲ್ಲಿ ಡಾನ್‌ಜಿಗ್. ಯಾವ ಹೆಸರು ಬರೆಯಬೇಕು ಅಂತ ಇಂಗ್ಲಿಷ್ ವಿಕಿಪೀಡಿಯದಲ್ಲಿ ನಡೆದ ಕಿತ್ತಾಟ ಸಣ್ಣದಲ್ಲ. ಹಿಂದೆ ಎರಡು ದೇಶಗಳ ಗಾಯ ಇತ್ತು. ಕೊನೆಗೆ 2005ರಲ್ಲಿ ಮತ ಹಾಕಿ ಒಂದು ಕಟ್ಟಳೆ ಮಾಡಿಕೊಂಡರು. 1308ರಿಂದ 1945ರವರೆಗಿನ ಕಾಲದ ಬಗ್ಗೆ ಬರೆಯುವಾಗ ಡಾನ್‌ಜಿಗ್, ಅದಕ್ಕೆ ಮೊದಲು ಮತ್ತು ಆಮೇಲೆ ಗ್ದಾನ್‌ಸ್ಕ್. ಎರಡು ದೇಶಕ್ಕೂ ಸಂಬಂಧಿಸಿದ ಲೇಖನಗಳಲ್ಲಿ ಮೊದಲ ಸಲ ಬಂದಾಗ ಇನ್ನೊಂದು ಹೆಸರನ್ನೂ ಜೊತೆಗೆ ಕೊಡಬೇಕು. ಮತ ಹಾಕಿ ತೀರ್ಮಾನ ಮಾಡುವುದು ನನಗೆ ಅಷ್ಟು ಒಪ್ಪಿಗೆಯಲ್ಲ. ಆದರೆ ಪ್ರತಿ ಲೇಖನದಲ್ಲೂ ಹೊಸದಾಗಿ ಹೊಡೆದಾಡುವುದು ಬೇಡ, ಒಂದೇ ಕಡೆ ಕೂತು ಒಂದು ರೇಖೆ ಎಳೆಯೋಣ ಅಂದರಲ್ಲ, ಅದು ನಮಗೆ ಬೇಕು.

ನಮ್ಮಲ್ಲಿ 2014ರ ನವೆಂಬರ್ 1ರಂದು 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಅದರಲ್ಲಿ ಬೆಂಗಳೂರು, ಮೈಸೂರುಗಳಿಗೆ ಬದಲಾದದ್ದು ಇಂಗ್ಲಿಷ್ ಕಾಗುಣಿತ ಮಾತ್ರ. ಕನ್ನಡದಲ್ಲಿ ಬರೆಯುವವರಿಗೆ ತಲೆಬಿಸಿ ಇರುವುದು ಬಿಜಾಪುರ ವಿಜಯಪುರವಾದದ್ದು, ಗುಲ್ಬರ್ಗಾ ಕಲಬುರಗಿಯಾದದ್ದು. ಇವತ್ತಿನ ಜಿಲ್ಲೆಯ ಬಗ್ಗೆ ಬರೆಯುವಾಗ ವಿಜಯಪುರ ಅನ್ನುವುದರಲ್ಲಿ ಗೊಂದಲವಿಲ್ಲ. ಆದಿಲ್‌ಶಾಹಿಗಳ ಬಗ್ಗೆ ಬರೆಯುವಾಗ? ಬಿಜಾಪುರದ ಸುಲ್ತಾನರು ಅಂತಲೇ ಇರುವ ಹಳೆಯ ಗ್ರಂಥದ ಹೆಸರನ್ನು ಉಲ್ಲೇಖಿಸುವಾಗ? ಗ್ರಂಥದ ಹೆಸರನ್ನು ನಾವು ಬದಲಾಯಿಸುವಂತಿಲ್ಲ. ಇನ್ನೊಂದು ಕಡೆ, ಸುಲ್ತಾನರಿಗಿಂತ ಮೊದಲು ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಅದು ವಿಜಯಪುರವೇ ಆಗಿತ್ತು ಅನ್ನುವವರ ಮಾತಲ್ಲೂ ಹುರುಳಿದೆ. ಕಾಲಕ್ಕೆ ತಕ್ಕ ಹೆಸರು, ಮೊದಲ ಸಲ ಬಂದಾಗ ಎರಡೂ ಹೆಸರು, ಗ್ರಂಥ ಮತ್ತು ಉದ್ಧರಣೆಗಳಲ್ಲಿ ಇದ್ದದ್ದು ಇದ್ದ ಹಾಗೆ. ಇಷ್ಟನ್ನು ಬರೆದಿಟ್ಟರೆ ಎಷ್ಟೋ ರಾತ್ರಿಗಳು ಉಳಿಯುತ್ತವೆ.

ಕಂಪ್ಯೂಟರ್ ಅನ್ನಬೇಕಾ ಗಣಕಯಂತ್ರ ಅನ್ನಬೇಕಾ ಅನ್ನುವುದಕ್ಕೂ ಇದೇ ಮಾತು. ಮಹಾಪ್ರಾಣ ಬಿಟ್ಟು ಬರೆಯುವ ಬಗ್ಗೆ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಎತ್ತಿದ ವಿಚಾರ ಗಂಭೀರವಾದದ್ದು, ಅದನ್ನು ಒಪ್ಪದವರ ಕಾರಣಗಳೂ ಗಂಭೀರ. ಅಷ್ಟು ದೊಡ್ಡ ಚರ್ಚೆಯನ್ನು ಯಾವುದೋ ಹಕ್ಕಿಯ ಮೇಲಿನ ಲೇಖನದಲ್ಲಿ 'ಧ'ವನ್ನು 'ದ' ಮಾಡಿ, ಮತ್ತೆ 'ಧ' ಮಾಡಿ ತೀರಿಸಲು ಆಗುವುದಿಲ್ಲ. ಅದಕ್ಕೆ ಜಾಗ ಅರಳಿ ಕಟ್ಟೆ, ಅಂದರೆ ಎಲ್ಲ ಸದಸ್ಯರೂ ಸೇರಿ ಮಾತಾಡುವ ನಮ್ಮ ವಿಕಿಯ ಸಾಮಾನ್ಯ ಚರ್ಚೆಯ ಪುಟ.

ಇನ್ನು ಜಾತಿ, ಸಮುದಾಯ, ಸಂತರು, ಶರಣರು, ದಾಸರು. ಇಲ್ಲಿ ಕಾವು ಜಾಸ್ತಿ. ದಕ್ಷಿಣ ಏಷ್ಯಾದ ಜಾತಿ ಮತ್ತು ಸಮುದಾಯಗಳ ಲೇಖನಗಳ ಕಾಟ ತಾಳದೆ ಇಂಗ್ಲಿಷ್ ವಿಕಿಪೀಡಿಯದವರು 2012ರಲ್ಲಿ ಅದಕ್ಕೆಂದೇ ವಿಶೇಷ ಕಟ್ಟುಪಾಡು ತಂದರು. ಅಷ್ಟು ಬಿಗಿ ನಮಗೆ ಈಗಲೇ ಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಪುರಂದರದಾಸರು ಹುಟ್ಟಿದ್ದು ಪುಣೆ ಹತ್ತಿರದ ಪುರಂದರಗಡದಲ್ಲೋ ತೀರ್ಥಹಳ್ಳಿ ಕಡೆಯ ಕ್ಷೇಮಪುರದಲ್ಲೋ ಅನ್ನುವಂಥ ಪ್ರಶ್ನೆ ಬಂದಾಗ, ಯಾರು ಯಾವ ಆಧಾರದ ಮೇಲೆ ಏನು ಹೇಳುತ್ತಾರೆ ಅಂತ ಎರಡನ್ನೂ ಬರೆಯುವುದು ನಮ್ಮ ಕೆಲಸ. ತೀರ್ಪು ಕೊಡುವುದು ಅಲ್ಲ. ತಟಸ್ಥ ದೃಷ್ಟಿಕೋನ ಅನ್ನುವ ದೊಡ್ಡ ಹೆಸರಿಗೆ ಅರ್ಥ ಇಷ್ಟೇ. ಹೊಸಬರಿಗೆ ಇದನ್ನು ನಾವು ಹೀಗೆ ಸರಳವಾಗಿ ಹೇಳಿಯೇ ಇಲ್ಲ. ಇಂಗ್ಲಿಷಿನ ನಿಯಮ ಪುಟಕ್ಕೆ ಕೊಂಡಿ ಕೊಟ್ಟು ಓದಿಕೊಳ್ಳಿ ಅಂದಿದ್ದೇವೆ. ನಾನೂ ಹಾಗೇ ಮಾಡಿದ್ದೇನೆ.

ನಿರ್ವಾಹಕರಿಗೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನೀವೂ ನಮ್ಮ ಹಾಗೆ ಸಂಬಳವಿಲ್ಲದೆ, ಮನೆ ಕೆಲಸ ಮುಗಿಸಿ ಕೂತು ಮಾಡುವವರು. ಅದರ ಋಣ ನಮ್ಮೆಲ್ಲರ ಮೇಲಿದೆ. ಆದರೆ ಸಣ್ಣ ವಿಕಿಗಳಲ್ಲಿ ಅಪಾಯ ಎಲ್ಲಿಂದ ಬರುತ್ತದೆ ಅಂತ ಕ್ರೊಯೇಷಿಯನ್ ವಿಕಿಪೀಡಿಯ ತೋರಿಸಿಕೊಟ್ಟಿದೆ. ಅಲ್ಲಿ ಒಂದು ಸಣ್ಣ ಗುಂಪಿನ ನಿರ್ವಾಹಕರು ವರ್ಷಗಟ್ಟಲೆ ತಮ್ಮ ರಾಜಕೀಯ ನಿಲುವಿಗೆ ತಕ್ಕಂತೆ ಇತಿಹಾಸ ಬರೆಸಿದರು, ಒಪ್ಪದವರಿಗೆ ತಡೆ ಹಾಕಿದರು. ವಿಕಿಮೀಡಿಯ ಪ್ರತಿಷ್ಠಾನ ಇದರ ಬಗ್ಗೆ 2021ರಲ್ಲಿ ವರದಿಯನ್ನೇ ಹೊರತಂದಿತು. ನಮ್ಮಲ್ಲಿ ಹಾಗಾಗಿದೆ ಅಂತ ನಾನು ಹೇಳುತ್ತಿಲ್ಲ, ಖಂಡಿತ ಇಲ್ಲ. ನನ್ನ ಪುಟಕ್ಕೆ ಬಿದ್ದ ಬೀಗ ಸ್ನೇಹದ ಬೀಗ. ಆದರೆ ನಮ್ಮದೂ ಎಲ್ಲರಿಗೂ ಎಲ್ಲರ ಪರಿಚಯ ಇರುವ ಸಣ್ಣ ಸಂಸಾರ. ಇಂಥ ಕಡೆ ಸ್ನೇಹದಿಂದ ಹಾಕಿದ ಬೀಗವೂ ಹೊರಗಿನಿಂದ ಬಂದವರಿಗೆ ಬೀಗವೇ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಯಾವ ಲೇಖನದಲ್ಲೇ ಆಗಲಿ, ಎರಡನೇ ರದ್ದತಿಗೆ ಮೊದಲು ಹಳಬರು ಚರ್ಚೆಪುಟದಲ್ಲಿ ಒಂದು ಸಾಲು ಬರೆಯಲೇಬೇಕು ಅಂತ ಒಪ್ಪಿಕೊಳ್ಳೋಣ. ಹೊಸಬರು ಬರೆಯದಿದ್ದರೆ ಕ್ಷಮಿಸಬಹುದು, ನಾವು ಬರೆಯದಿದ್ದರೆ ಕ್ಷಮೆ ಇಲ್ಲ. ಮೂರು ರದ್ದತಿಯ ನಿಯಮವನ್ನು ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆದು, ನನ್ನಿಂದ ಹಿಡಿದು ನಿರ್ವಾಹಕರವರೆಗೆ ಎಲ್ಲರಿಗೂ ಒಂದೇ ಥರ ಅನ್ವಯಿಸಿ. ಪುಟಕ್ಕೆ ಬೀಗ ಹಾಕುವವರು ಕಾರಣ, ಅವಧಿ, ಮಾತಾಡಬೇಕಾದ ಜಾಗ ಈ ಮೂರನ್ನೂ ಬರೆಯಲಿ. ಕೇಳಿಕೊಂಡವರು ಗೆಳೆಯರಾಗಿದ್ದರೆ, ಅಥವಾ ಆ ಲೇಖನದಲ್ಲಿ ತಾವೇ ಬರೆದಿದ್ದರೆ, ಬೇರೆ ನಿರ್ವಾಹಕರಿಗೆ ಬಿಡಲಿ.

ಮೂರನೇ ಅಭಿಪ್ರಾಯ ಕೊಡಲು ಹತ್ತು ಜನರ ಪಟ್ಟಿ ಸಾಕು. ಇತಿಹಾಸ ಬಲ್ಲವರು ಇಬ್ಬರು, ವಿಜ್ಞಾನ ಬಲ್ಲವರು ಇಬ್ಬರು, ಶಾಸನ, ಗೆಜೆಟಿಯರು ತಡಕಾಡುವವರು ಒಬ್ಬರು, ಹೀಗೆ. ನನ್ನ ಹೆಸರನ್ನು ಮೊದಲು ಹಾಕಿಕೊಳ್ಳಿ. ನಾನು ಬರೆದಿರದ ಯಾವ ಲೇಖನಕ್ಕೆ ಕರೆದರೂ ವಾರದೊಳಗೆ ಬಂದು ಓದುತ್ತೇನೆ. ಊರಿನ ಹೆಸರುಗಳ ಕಟ್ಟಳೆಯ ಕರಡೊಂದನ್ನು ಬರೆದು ಅರಳಿ ಕಟ್ಟೆಯಲ್ಲಿ ಇಟ್ಟಿದ್ದೇನೆ. ಕಿತ್ತು ಬಿಸಾಡಿ ಬೇರೆಯದನ್ನು ಬರೆದರೂ ಸರಿಯೇ, ಒಟ್ಟಿನಲ್ಲಿ ಒಂದು ಇರಲಿ.

ಇನ್ನೊಂದಿದೆ, ಸಣ್ಣದು. ನಿಮ್ಮ ಚರ್ಚೆಪುಟಕ್ಕೆ ಓದಲು ಬಾರದ ಅಕ್ಷರ ಬಂದು ಬಿದ್ದರೆ ಅಳಿಸುವ ಮೊದಲು ಒಂದು ಸಲ ಪರಿವರ್ತಕಕ್ಕೆ ಹಾಕಿ ನೋಡಿ. ಜೀವಮಾನವೆಲ್ಲ ಕನ್ನಡದಲ್ಲಿ ಕೆಲಸ ಮಾಡಿ ನಿವೃತ್ತರಾದ ಎಷ್ಟೋ ಜನ ಮೇಷ್ಟ್ರು, ಗುಮಾಸ್ತರು, ಗ್ರಂಥಪಾಲಕರು ನುಡಿಯಲ್ಲೇ ಟೈಪ್ ಮಾಡುತ್ತಾರೆ. ಅವರ ಕಪಾಟಿನಲ್ಲಿ ಇರುವ ಪುಸ್ತಕ ನಮ್ಮ ಕೈಗೆ ಸಿಗುವುದಿಲ್ಲ.

ಆ ಊರಿನ ಲೇಖನದಲ್ಲಿ ಈಗ ಮೊಲದ ಕಥೆ 'ಸ್ಥಳೀಯ ಐತಿಹ್ಯ' ಅಂತ ಕೆಳಗೆ ಹೋಗಿದೆ. ಮೇಲೆ ಶಾಸನದ ಮೂರು ಸಾಲು ಇದೆ, ಸಂಪುಟ ಮತ್ತು ಪುಟ ಸಂಖ್ಯೆಯೊಂದಿಗೆ. ಸಾರಾಂಶದಲ್ಲಿ ಅವರ ಸದಸ್ಯನಾಮ ಬರೆದು, ಇದು ಅವರ ಕೆಲಸ ಅಂತ ದಾಖಲಿಸಿದ್ದೇನೆ. ಅವರ ಚರ್ಚೆಪುಟದಲ್ಲಿ ಕ್ಷಮೆ ಕೇಳಿದ್ದೇನೆ, ಫೋಟೋ ಹಾಕುವುದು ಹೇಗೆ ಅಂತ ಹಂತ ಹಂತವಾಗಿ ಬರೆದಿದ್ದೇನೆ. ಹದಿನೇಳು ತಿಂಗಳಾಯಿತು, ಉತ್ತರ ಬಂದಿಲ್ಲ. ಈ ಪತ್ರ ಓದುವವರಲ್ಲಿ ಯಾರಿಗಾದರೂ ಅವರ ಪರಿಚಯ ಇದ್ದರೆ, ಪುಟದ ಬೀಗ ತೆಗೆದಿದ್ದೇವೆ ಅಂತ ದಯವಿಟ್ಟು ಹೇಳಿ.

ಇಂತಿ ನಿಮ್ಮ,
ಜೊತೆಯಲ್ಲಿ ಬರೆಯುವ ಒಬ್ಬ ಸದಸ್ಯ